ಯಾವ ಹೊತ್ತಿನ ನನ್ನನ್ನು ಅಳೆದಿರಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಏಪ್ರಿಲ್ 11ಕ್ಕೆ, ವಿಶ್ವ ಪಾರ್ಕಿನ್ಸನ್ ದಿನ ಎಂದು, ಪತ್ರಿಕೆಗಳಲ್ಲಿ ಲೇಖನ ಬರುತ್ತದೆ. ಪಕ್ಕದಲ್ಲಿ ಕೋಲು ಹಿಡಿದ ಅಜ್ಜನ ಚಿತ್ರ. ಬರೆದಿದ್ದರಲ್ಲಿ ತಪ್ಪೇನಿರುವುದಿಲ್ಲ. ಆದರೆ ಈ ಕಾಯಿಲೆ ಇಟ್ಟುಕೊಂಡೇ ದಿನಾ ಬೆಳಿಗ್ಗೆ ಹತ್ತಕ್ಕೆ ಕೆಲಸಕ್ಕೆ ಹೋಗುವವರೂ ಇದ್ದೇವೆ. ನನಗೆ ಶುರುವಾದಾಗ 46 ವರ್ಷ, ಈಗ 53. ಸಾಗರ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 24 ವರ್ಷದಿಂದ ಗುಮಾಸ್ತೆಯಾಗಿದ್ದೇನೆ. ನಗದು ಕೌಂಟರು, ರಸೀದಿ, ವೋಚರು ಎಲ್ಲ ನನ್ನ ಕೈಯಲ್ಲೇ.

ಆ ಕೈಯೇ ಮೊದಲು ಸುಳಿವು ಕೊಟ್ಟಿತು. ಒಂದು ವರ್ಷ ಆಡಿಟಿಗೆ ಬಂದವರು ರಸೀದಿ ಪುಸ್ತಕದ ಕಾರ್ಬನ್ ಪ್ರತಿ ತಿರುವುತ್ತಾ, "ಇದನ್ನು ಬರೆದವರು ಯಾರು?" ಎಂದು ಕೇಳಿದರು. ನಾನೇ ಅಂದೆ. ನೋಡಿದರೆ, ರೈತರ ಹೆಸರಿನ ಮೊದಲಕ್ಷರ ನನ್ನ ಎಂದಿನ ದುಂಡಗಿನ ಅಕ್ಷರವೇ. ಸಾಲು ಮುಂದೆ ಹೋದ ಹಾಗೆ ಅಕ್ಷರ ಕುಗ್ಗುತ್ತಾ ಕುಗ್ಗುತ್ತಾ ಊರಿನ ಹೆಸರು ಬರುವಷ್ಟರಲ್ಲಿ ಸಾಸಿವೆ ಕಾಳಾಗಿತ್ತು. ಕೈ ನಡುಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅದಕ್ಕೂ ಮುಂಚೆ ಎಡಭುಜ ಹಿಡಿದುಕೊಂಡಿದೆ ಎಂದು ಎಂಟು ತಿಂಗಳು ಮೂಳೆ ಡಾಕ್ಟರ ಹತ್ತಿರ ಓಡಾಡಿದ್ದೆ. ಇನ್ನೂ ಹಿಂದೆ, ಒಂದು ಬೇಸಿಗೆಯಲ್ಲಿ ನಡುಮನೆಯಲ್ಲಿ ಹಲಸಿನ ಹಣ್ಣು ಕೊಯ್ದಿಟ್ಟಿದ್ದರೂ ನನಗೆ ವಾಸನೆಯೇ ಬಂದಿರಲಿಲ್ಲ. ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಮುಖ ಎಂದು ನರರೋಗ ತಜ್ಞರು ಹೇಳಿದ ದಿನ ಸಂಕಟದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಕೊನೆಗೂ ಅದಕ್ಕೊಂದು ಹೆಸರು ಸಿಕ್ಕಿತ್ತು.

ಮೆದುಳಿನಲ್ಲಿ ಕೈಕಾಲಿನ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವುದು ಈ ಕಾಯಿಲೆ. ಅದನ್ನು ಸ್ವಲ್ಪ ಹೊತ್ತು ತುಂಬಿಕೊಡುವುದು ಲೆವೊಡೋಪಾ ಮಾತ್ರೆ. ನಾನು ಅದನ್ನು ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಮತ್ತೆ ರಾತ್ರಿ ಏಳಕ್ಕೆ ತೆಗೆದುಕೊಳ್ಳುತ್ತೇನೆ. ಬೇಳೆ, ಹಾಲು, ಮೊಸರಿನ ಪ್ರೋಟೀನು ಅದರ ದಾರಿಗೆ ಅಡ್ಡ ಬರುತ್ತದೆ, ಆದ್ದರಿಂದ ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ನುಂಗಬೇಕು. ನಮ್ಮ ಮನೆಯಲ್ಲಿ "ಮಾತ್ರೆ ಹಿಡಿಯಿತಾ?", "ಮಾತ್ರೆ ಬಿಟ್ಟಿತಾ?" ಎಂದು ಕೇಳುತ್ತಾರೆ. ಹಿಡಿದಾಗ ನಾನು ನಿಮ್ಮ ಹಾಗೆಯೇ. ನೋಟು ಎಣಿಸುತ್ತೇನೆ, ಬಸ್ಸು ಹತ್ತುತ್ತೇನೆ, ದೋಸೆ ಹೊಯ್ಯುತ್ತೇನೆ. ಬಿಟ್ಟಾಗ ರವಿಕೆಯ ಒಂದು ಹುಕ್ಕು ಹಾಕಲು ಐದು ನಿಮಿಷ ಬೇಕು.

ಮಧ್ಯೆ ಒಂದು ಮಾತು. ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತಿರುವ ತುರಿಕೆಯ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ, ಅದು ನಿಜ. ಅದರ ಪುಡಿಯನ್ನು ನನಗೂ ಮೂವರು ತಂದುಕೊಟ್ಟರು, ಪ್ರೀತಿಯಿಂದಲೇ. ಆದರೆ ಒಂದು ಚಮಚದಲ್ಲಿ ಎಷ್ಟಿದೆ ಎಂದು ಯಾರು ಅಳೆದಿದ್ದಾರೆ? ದಯವಿಟ್ಟು ಡಾಕ್ಟರಿಗೆ ತಿಳಿಸದೆ ಮಾತ್ರೆಯ ಜೊತೆ ಸೇರಿಸಬೇಡಿ.

ಕೆಲಸದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಏಳರ ಮಾತ್ರೆ ಹತ್ತೂವರೆಗೆ ಇಳಿಯಲು ಶುರುವಾಗುತ್ತದೆ. ರೈತರನ್ನು ಕರೆತರುವ ಬಸ್ಸು ಬರುವುದು ಹತ್ತೂಮುಕ್ಕಾಲಿಗೆ. ಅಂದರೆ ಕೌಂಟರಿನ ಮುಂದೆ ಜನ ತುಂಬಿದ ಹೊತ್ತಿಗೇ ನನ್ನ ಬೆರಳು ಮರಗಟ್ಟುತ್ತಿತ್ತು, ದನಿ ಕೆಳಗಿಳಿಯುತ್ತಿತ್ತು. ಮುಖದ ಸ್ನಾಯುಗಳೂ ಬಿಗಿಯುವುದರಿಂದ ನಗು ಬರುವುದಿಲ್ಲ. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಹಿರಿಯರೊಬ್ಬರು, "ಈಗೀಗ ಇವಳಿಗೆ ಜಂಬ" ಎಂದು ಹೊರಗೆ ಹೇಳಿದ್ದು ಕಿವಿಗೆ ಬಿತ್ತು. ಮಾರ್ಚಿ ಕೊನೆಯಲ್ಲಿ ಬೆಳೆಸಾಲ ನವೀಕರಣದ ಗದ್ದಲದಲ್ಲಿ ಎರಡು ನೋಟು ಅಂಟಿಕೊಂಡದ್ದು ತಿಳಿಯದೆ 500 ರೂಪಾಯಿ ಕಡಿಮೆ ಬಿತ್ತು. ಕೈಯಿಂದ ತುಂಬಿದೆ. ಆಡಳಿತ ಮಂಡಳಿಯಲ್ಲಿ ಒಬ್ಬರು, ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರೆ ಅವರಿಗೂ ಆರಾಮು, ಸಂಘಕ್ಕೂ ಆರಾಮು ಎಂದರಂತೆ.

ಅಂದು ನನ್ನ ಕೈ ಹಿಡಿದವರು ಕಾರ್ಯದರ್ಶಿ. ಹತ್ತೂವರೆಯಿಂದ ಹನ್ನೊಂದೂಮುಕ್ಕಾಲರವರೆಗೆ ನಗದನ್ನು ಇನ್ನೊಬ್ಬರಿಗೆ ವಹಿಸಿದರು, ಆ ಹೊತ್ತಿನಲ್ಲಿ ನಾನು ಕೂತಲ್ಲೇ ಹಿಂದಿನ ದಿನದ ವೋಚರು ತಾಳೆ ನೋಡುತ್ತೇನೆ. ನೋಟು ಎಣಿಸುವ ಯಂತ್ರವೊಂದು ಬಂತು. ಇಷ್ಟೇ. ಆಮೇಲೆ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗಿಲ್ಲ.

ಇನ್ನೊಂದು ಉಪಕಾರ ಮಾಡಿದ್ದು ನಮ್ಮ ಅಟೆಂಡರ್ ಹುಡುಗ. ಮಾತ್ರೆ ಬಿಟ್ಟಾಗ ನನಗೆ ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಮುಂದಕ್ಕೆ ಹೋಗು ಎಂದು ಮನಸ್ಸು ಹೇಳುತ್ತದೆ, ಪಾದ ಏಳುವುದಿಲ್ಲ. ಒಂದು ದಿನ ಅವನು, "ಅಕ್ಕಾ, ಮನೇಲೂ ಹಿಂಗೇ ಆಗ್ತದಾ?" ಎಂದು ಕೇಳಿದ. ಯೋಚಿಸಿದೆ. ಮನೆಯ ಹೆಬ್ಬಾಗಿಲಲ್ಲಿ ಆಗುತ್ತಿರಲಿಲ್ಲ. ಅಲ್ಲಿ ಎತ್ತರದ ಹೊಸಿಲಿದೆ, ಅದನ್ನು ದಾಟಬೇಕೆಂದು ಕಣ್ಣು ಕಂಡ ಕೂಡಲೇ ಕಾಲು ತಾನಾಗಿ ಏಳುತ್ತದೆ. ಮರುದಿನ ಅವನು ಕಚೇರಿಯ ಬಾಗಿಲಿನ ನುಣುಪು ಟೈಲ್ಸಿನ ಮೇಲೆ ಹಳದಿ ಟೇಪಿನ ನಾಲ್ಕು ಅಡ್ಡಗೆರೆ ಅಂಟಿಸಿದ್ದ. ಕಣ್ಣೆದುರು ಗೆರೆಯಿದ್ದರೆ ಹೆಜ್ಜೆ ಬರುತ್ತದೆ ಎಂದು ತಜ್ಞರಿಗೆ ಗೊತ್ತಿದೆ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಗೆರೆಗಳನ್ನು ಒಂದೊಂದಾಗಿ ದಾಟಿ ಒಳಗೆ ಹೋಗಿ ಕೂತು ಅತ್ತೆ.

ಈಗ ಈ ಪತ್ರ ಬರೆಯಬೇಕೆನಿಸಿದ ಕಾರಣ ಹೇಳುತ್ತೇನೆ. 1995ರ ಕಾನೂನಿನಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ, ದೀರ್ಘಕಾಲದ ನರರೋಗಗಳಡಿ ಪಾರ್ಕಿನ್ಸನ್ ಮತ್ತು ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹೇಳಿಯೇ ಸೇರಿವೆ. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆಗಳು ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎನ್ನುತ್ತದೆ ಸೆಕ್ಷನ್ 20. ನಮ್ಮಂಥ ಸಣ್ಣ ಸಂಘದಲ್ಲಿ ಕಾರ್ಯದರ್ಶಿ ಬದಲಾದರೆ ನನ್ನ ಏರ್ಪಾಡೂ ಹೋಗಬಹುದು. ಕೈಯಲ್ಲೊಂದು ಪ್ರಮಾಣಪತ್ರ ಇರಲಿ ಎಂದು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿದೆ.

ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಜನರ ನಡುವೆ ಬಿದ್ದುಬಿಟ್ಟೇನು ಎಂಬ ಹೆದರಿಕೆಯಲ್ಲಿ ಹನ್ನೊಂದರ ಮಾತ್ರೆಯನ್ನು ಹತ್ತೂವರೆಗೇ ನುಂಗಿದೆ. ಕರೆದದ್ದು ಹನ್ನೊಂದೂಕಾಲಿಗೆ. ಮಾತ್ರೆ ಚೆನ್ನಾಗಿ ಹಿಡಿದಿತ್ತು. ನಡೆಯಿರಿ ಎಂದರು, ನಡೆದೆ. ಬೆರಳು ಬಡಿಯಿರಿ ಎಂದರು, ಬಡಿದೆ. "ಚೆನ್ನಾಗೇ ಇದ್ದೀರಲ್ಲಮ್ಮ" ಎಂದು ಹೇಳಿ ವೈಕಲ್ಯ ಶೇ 30 ಎಂದು ಬರೆದರು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಬೇಕು. ಎರಡು ಗಂಟೆಗೆ ಅದೇ ಕೊಠಡಿಯ ಎದುರಿನ ಬೆಂಚಿನಲ್ಲಿ ಜೆರಾಕ್ಸಿಗಾಗಿ ಕಾಯುತ್ತಿದ್ದಾಗ ಮಾತ್ರೆ ಬಿಟ್ಟಿತು. ಏಳಲಾಗಲಿಲ್ಲ. ಯಾರದೋ ಮನೆಯ ಹುಡುಗ ಎರಡೂ ಕೈ ಹಿಡಿದು ಎಬ್ಬಿಸಿದ.

ಆ ದಿನ ನನ್ನ ಚೀಲದಲ್ಲಿ ಒಂದು ರಿಜಿಸ್ಟರು ಇತ್ತು. ದಿನದ ಏರಿಳಿತ ಬರೆದಿಡಿ ಎಂದು ನರರೋಗ ತಜ್ಞರು ಹೇಳಿದ್ದರು. ಲೆಕ್ಕ ಬರೆಯುವವಳಾದ್ದರಿಂದ ನಗದು ಪುಸ್ತಕದ ಹಾಗೆಯೇ ಕಾಲಂ ಎಳೆದು ಬರೆಯುತ್ತಾ ಬಂದಿದ್ದೇನೆ: ಮಾತ್ರೆ ತೆಗೆದುಕೊಂಡ ಸಮಯ, ಹಿಡಿದ ಸಮಯ, ಬಿಟ್ಟ ಸಮಯ, ಷರಾ. ಷರಾದಲ್ಲಿ ಬಿದ್ದದ್ದು, ಕಾಲು ಅಂಟಿದ್ದು, ತುತ್ತು ಗಂಟಲಲ್ಲಿ ಸಿಕ್ಕಿಕೊಂಡದ್ದು ಎಲ್ಲ ಇದೆ. ಮೇಜಿನ ಮೇಲೆ ಇಟ್ಟೆ. ಯಾರೂ ತೆರೆಯಲಿಲ್ಲ.

ಮಂಡಳಿಯವರ ಮೇಲೆ ನನಗೆ ಸಿಟ್ಟಿಲ್ಲ, ಹೊರಗೆ ನೂರು ಜನ ಕಾದಿದ್ದರು. ಆದರೆ ಗಡಿಯಾರ ನೋಡಿಕೊಂಡು ಬರುವ ಕಾಯಿಲೆಯನ್ನು ಹತ್ತು ನಿಮಿಷದಲ್ಲಿ ಅಳೆಯುವುದು ನ್ಯಾಯವಲ್ಲ. ಕೊನೆಯ ಮಾತ್ರೆ ಯಾವಾಗ ತೆಗೆದುಕೊಂಡಿರಿ ಎಂದು ಕೇಳಿ ಅದನ್ನು ಕಡತದಲ್ಲಿ ಬರೆಯಲಿ. ಚಿಕಿತ್ಸೆ ಕೊಡುವ ತಜ್ಞರ ದಾಖಲೆಯನ್ನು, ಮನೆಯವರು ಮಾಡಿದ ವಿಡಿಯೊವನ್ನು ನೋಡಲಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಪಾಡೂ ಇದೇ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ನಡೆದವರು ಬಿಸಿಲೇರಿದರೆ ಕುಸಿಯುತ್ತಾರೆ. ಮೂರ್ಛೆ ರೋಗವಂತೂ ಆ 21ರ ಪಟ್ಟಿಯಲ್ಲೇ ಇಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಡಿ ತರಬೇತಾದ ವೈದ್ಯರನ್ನು ಇಂಥ ತಪಾಸಣೆಗೂ ಕೂರಿಸಿದರೆ ನಮಗೆ ಎಷ್ಟೋ ಉಪಕಾರವಾಗುತ್ತದೆ.

ಮರುಪರಿಶೀಲನೆಗೆ ಅರ್ಜಿ ಕೊಟ್ಟಿದ್ದೇನೆ. ಈ ಸಲ ಮಾತ್ರೆಯನ್ನು ಮುಂಚಿತವಾಗಿ ನುಂಗುವುದಿಲ್ಲ, ಹಿಡಿದುಕೊಳ್ಳಲು ಮಗನನ್ನು ಕರೆದುಕೊಂಡು ಹೋಗುತ್ತೇನೆ. ರಿಜಿಸ್ಟರನ್ನೂ ಒಯ್ಯುತ್ತೇನೆ. ಒಂದು ಪುಟವನ್ನಾದರೂ ಓದಲಿ.

ಇತಿ,
ಸಹಕಾರ ಸಂಘದ ಗುಮಾಸ್ತೆ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ