ಭಾನುವಾರ ಚಿತ್ರ ಬರೆಯಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 10ಕ್ಕೆ ಕಾಸರಗೋಡಿನ ಮಧೂರಿನಲ್ಲಿ ಸೇರುತ್ತಿದ್ದೇವೆ. ಹಳೆಯ ಶೈಲಿಯನ್ನು ಈಗಿನ ಕಲಾವಿದರು ಹೇಗೆ ಹೊಸದು ಮಾಡುತ್ತಾರೆ ಅನ್ನುವುದೇ ಈ ಸಲದ ಮಾತು.

ಮೊದಲು ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಫೋಟೋಗಳು. ರವಿವರ್ಮನ ಲಕ್ಷ್ಮಿ ನಮ್ಮೆಲ್ಲರ ದೇವರ ಕೋಣೆಯಲ್ಲಿ, ಕ್ಯಾಲೆಂಡರಿನಲ್ಲಿ ಇದ್ದಾಳೆ ಅಲ್ವಾ? 2000ರಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ಪುಷ್ಪಮಾಲಾ ಅಂಥ ಚಿತ್ರಗಳ ಹೆಣ್ಣಾಗಿ ತಾವೇ ವೇಷ ಹಾಕಿ ನಿಂತರು. ಹಿಂದೆ ಬಣ್ಣ ಬಳಿದ ಪರದೆ, ಮೈಮೇಲೆ ಒಡವೆ, ಅದೇ ಭಂಗಿ. ಆದರೆ ಫೋಟೋದಲ್ಲಿ ಅದು ವೇಷ ಅಂತ ಎದ್ದು ಕಾಣುತ್ತದೆ. ಹೆಣ್ಣು ಹೀಗೇ ಇರಬೇಕು ಅಂತ ಆ ಚಿತ್ರಗಳು ನಮಗೆ ಕಲಿಸಿದ್ದು ಆಗ ತಟ್ಟನೆ ಹೊಳೆಯುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಪಕ್ಕದ ಕಣ್ಣೂರು ಜಿಲ್ಲೆಯ ಕೂತುಪರಂಬದಲ್ಲಿ 1924ರಲ್ಲಿ ಹುಟ್ಟಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್, ಗಾಜಿನ ಹಿಂಬದಿಗೆ ಚಿತ್ರ ಬರೆಯುವ ಹಳೆಯ ಪದ್ಧತಿಯನ್ನು ಮತ್ತೆ ಕೈಗೆತ್ತಿಕೊಂಡರು. ಅದರಲ್ಲಿ ಮುಂದೆ ಕಾಣುವ ಗೆರೆಯನ್ನೇ ಮೊದಲು ಎಳೆಯಬೇಕು, ಹಿನ್ನೆಲೆ ಕೊನೆಗೆ. ಮನೆಬಳಕೆಯ ಸ್ಟೀಲ್ ಪಾತ್ರೆಗಳಿಂದ ಕಲಾವಿದ ಸುಬೋಧ್ ಗುಪ್ತಾ ಮಾಡಿದ ಶಿಲ್ಪಗಳನ್ನೂ ನೋಡೋಣ.

ಬರುವಾಗ ಮನೆಯಿಂದ ಒಂದು ವಸ್ತು ತನ್ನಿ. ಅಡಿಕೆ ಹಾಳೆಯ ಮುಟ್ಟಾಳೆ (ಟೋಪಿ), ಕಾಸರಗೋಡು ಸೀರೆ, ಏನಾದರೂ ಸರಿ. ಸುಮ್ನೆ ನಕಲು ಬೇಡ, ನಿಮ್ಮದೇ ರೀತಿಯಲ್ಲಿ ಬರೆಯಿರಿ. ಕಾಗದ, ಬಣ್ಣ ಇಲ್ಲಿದೆ. ಊಟಕ್ಕೆ ಲೆಕ್ಕ ಬೇಕು, ಬರುವವರು ಶುಕ್ರವಾರದೊಳಗೆ ತಿಳಿಸಿ.