ಕಲೆ, ವಿನ್ಯಾಸ, ವಾಸ್ತುಶಿಲ್ಪ ಓದುವವರು ದೇಶವನ್ನು ಕೊನೆಗೆ ಆರಿಸಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಹೋಟೆಲ್ ಸಭಾಂಗಣಗಳಲ್ಲಿ ವಿದೇಶ ವ್ಯಾಸಂಗ ಮೇಳಗಳು ಒಂದರ ಹಿಂದೊಂದು ನಡೆಯುತ್ತವೆ. ಅಲ್ಲಿನ ಮಳಿಗೆಗಳನ್ನು ದೇಶವಾರು ವಿಂಗಡಿಸಿರುತ್ತಾರೆ. ಎಂಬಿಎ ಅಥವಾ ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಈ ವಿಂಗಡಣೆಯಿಂದ ಹೆಚ್ಚಿನ ತೊಂದರೆ ಆಗಲಿಕ್ಕಿಲ್ಲ. ಆದರೆ ಚಿತ್ರಕಲೆ, ವಿನ್ಯಾಸ, ವಾಸ್ತುಶಿಲ್ಪ ಓದಬೇಕೆನ್ನುವವರೂ ಮೊದಲು ಒಂದು ದೇಶವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಆಮೇಲೆ ಅಲ್ಲಿ ಸಿಗುವ ಕೋರ್ಸನ್ನು ಹುಡುಕುತ್ತಿದ್ದಾರೆ. ವಾಸ್ತುಶಿಲ್ಪ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನಲ್ಲಿಗೆ ಸಲಹೆ ಕೇಳಿಕೊಂಡು ಬರುವ ತಂದೆತಾಯಂದಿರ ಮೊದಲ ಪ್ರಶ್ನೆಯೂ 'ಯಾವ ದೇಶ ಒಳ್ಳೆಯದು ಸಾರ್?' ಎಂಬುದೇ ಆಗಿರುತ್ತದೆ. ಈ ವಿಷಯಗಳ ಮಟ್ಟಿಗೆ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ. ಪತ್ರಿಕೆಗಳ ಶಿಕ್ಷಣ ಪುರವಣಿಗಳೂ ಶುಲ್ಕ, ವೀಸಾ, ಹವಾಮಾನಗಳ ದೇಶವಾರು ಪಟ್ಟಿಯನ್ನೇ ಮತ್ತೆ ಮತ್ತೆ ಅಚ್ಚು ಮಾಡುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ವಾಸ್ತುಶಿಲ್ಪದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಆಯ್ಕೆ ತಪ್ಪಿದರೆ ಇಲ್ಲಿ ಆಗುವ ನಷ್ಟ ದೊಡ್ಡದು. ಆರ್ಕಿಟೆಕ್ಟ್ ಎಂಬ ಹೆಸರಿಗೆ ನಮ್ಮ ದೇಶದಲ್ಲಿ ಕಾನೂನಿನ ಕಾವಲಿದೆ. 1972ರ ಆರ್ಕಿಟೆಕ್ಟ್‌ಗಳ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರನ್ನು ಬಳಸಬಹುದು. ನೋಂದಣಿಗೆ ಕಾಯ್ದೆಯಡಿ ಮಾನ್ಯವಾದ ಪದವಿ ಇರಬೇಕು. ನಮ್ಮಲ್ಲಿ ಆ ಪದವಿ ಎಂದರೆ 5 ವರ್ಷದ ಬಿ.ಆರ್ಕ್. ಈ ಕಾಯ್ದೆ ತಡೆಯುವುದು ಹೆಸರಿನ ಬಳಕೆಯನ್ನೇ ಹೊರತು ಕಟ್ಟಡಗಳ ನಕ್ಷೆ ಮಾಡುವ ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಜ, ಮತ್ತು ಆ ತೀರ್ಪನ್ನು ಮುಂದೆ ಮಾಡಿ 'ನೋಂದಣಿ ಇಲ್ಲದೆಯೂ ನಡೆಯುತ್ತದೆ ಬಿಡಿ' ಎನ್ನುವವರೂ ಇದ್ದಾರೆ. ಊರಿಗೆ ಮರಳಿ ಆರ್ಕಿಟೆಕ್ಟ್ ಎಂದು ಫಲಕ ಹಾಕಿ ಕಚೇರಿ ತೆರೆಯಬೇಕೆಂದಿರುವ ಹುಡುಗಿಗೆ ಆ ಸಮಾಧಾನದಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ವಿದ್ಯಾರ್ಥಿ ಮೊದಲು ತೀರ್ಮಾನಿಸಬೇಕಾದದ್ದು ತಾನು ಯಾವ ನೆಲದಲ್ಲಿ ಕಟ್ಟಡ ಕಟ್ಟಬೇಕೆಂದಿದ್ದೇನೆ ಎಂಬುದನ್ನು. ಅದು ತೀರ್ಮಾನವಾದರೆ ಯಾವ ಪದವಿ ಬೇಕೆಂಬುದು ಗೊತ್ತಾಗುತ್ತದೆ, ಆ ಪದವಿ ಎಲ್ಲಿ ಸಿಗುತ್ತದೆ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ಬ್ರಿಟನ್ನಿನ ಉದಾಹರಣೆಯನ್ನೇ ನೋಡಿ. ಅಲ್ಲಿ ವಾಸ್ತುಶಿಲ್ಪದ ಬಿ.ಎ. 3 ವರ್ಷಕ್ಕೆ ಮುಗಿಯುತ್ತದೆ, ಇಲ್ಲಿ 5 ವರ್ಷ ಬೇಕು ಎಂಬ ಹೋಲಿಕೆಗೆ ಮರುಳಾಗುವ ಪೋಷಕರು ಬಹಳ. ಆ 3 ವರ್ಷ ಅಲ್ಲಿನ ಪದ್ಧತಿಯಲ್ಲಿ 'ಪಾರ್ಟ್ 1' ಮಾತ್ರ. ಅದಾದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಚೇರಿಯಲ್ಲಿ ದುಡಿದು, 2 ವರ್ಷದ ಎಂ.ಆರ್ಕ್ ಓದಿ 'ಪಾರ್ಟ್ 2' ಮುಗಿಸಿ, ಮತ್ತಷ್ಟು ಅನುಭವದ ನಂತರ 'ಪಾರ್ಟ್ 3' ಪರೀಕ್ಷೆ ತೇರ್ಗಡೆಯಾದರೆ ಆಗ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡಿನಲ್ಲಿ ಹೆಸರು ಸೇರುತ್ತದೆ. ಎಲ್ಲ ಸೇರಿ ಸುಮಾರು 7 ವರ್ಷದ ದಾರಿ. ಆ ಬೋರ್ಡು ಈಗ ಈ ಮೂರು ಹಂತಗಳ ವ್ಯವಸ್ಥೆಯನ್ನೇ ಬದಲಿಸಲು ಹೊರಟಿದೆ. ಇನ್ನೊಂದೆಡೆ, ಓದು ಮುಗಿಸಿದ ವಿದೇಶಿಯರಿಗೆ 2021ರಿಂದ ಸಿಗುತ್ತಿದ್ದ 2 ವರ್ಷದ ಗ್ರಾಜುಯೇಟ್ ವೀಸಾವನ್ನು 18 ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ 2025ರಲ್ಲಿ ಪ್ರಕಟಿಸಿತು. ಪಾರ್ಟ್ 1 ಮುಗಿಯುವಷ್ಟರಲ್ಲಿ ಸಾಲವಾಗಿ ತಂದ ಹಣ ಖರ್ಚಾಗಿ ಹಿಂದಿರುಗಿದವರ ಕೈಯಲ್ಲಿರುವ ಪದವಿ ಅಲ್ಲಿಗೂ ಅರ್ಧ, ಇಲ್ಲಿಗೂ ಅರ್ಧ.

ಅಮೆರಿಕದ ತೊಡಕು ಬೇರೆ ಬಗೆಯದು. ಅಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಅದಕ್ಕೆ ನೇರ ದಾರಿ ಎಂದರೆ ನ್ಯಾಬ್ ಎಂಬ ಮಂಡಳಿಯ ಮಾನ್ಯತೆ ಇರುವ ಪದವಿ, 3,740 ಗಂಟೆಗಳ ದಾಖಲಿತ ಕೆಲಸ, ಆರು ಭಾಗಗಳ ಪರೀಕ್ಷೆ. ಅಲ್ಲಿನ 4 ವರ್ಷದ ಬಿ.ಎಸ್. ಪದವಿಗೆ ಆ ಮಾನ್ಯತೆ ಇರುವುದಿಲ್ಲ. 5 ವರ್ಷದ ಬಿ.ಆರ್ಕ್‌ಗೆ, ಇಲ್ಲವೆ ಆ ಬಿ.ಎಸ್. ಆದ ಮೇಲೆ ಓದುವ ಎಂ.ಆರ್ಕ್‌ಗೆ ಇರುತ್ತದೆ. ಬೆಂಗಳೂರಿನಲ್ಲಿ ಬಿ.ಆರ್ಕ್ ಮುಗಿಸಿದವರು ಬೇಗ ಮುಗಿಯುತ್ತದೆ, ಖರ್ಚು ಕಡಿಮೆ ಎಂದು ಒಂದು ವರ್ಷದ ಅಥವಾ ಒಂದೂವರೆ ವರ್ಷದ ಎಂ.ಎಸ್. ಸೇರುತ್ತಾರೆ. ಕಲಿಕೆಯ ದೃಷ್ಟಿಯಿಂದ ಅವು ಉತ್ತಮ ಕೋರ್ಸುಗಳೇ ಇರಬಹುದು, ಪರವಾನಗಿಯ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಓದು ಮುಗಿದ ಮೇಲೆ ಎಲ್ಲರಿಗೂ ಸಿಗುವ ಕೆಲಸದ ಅವಕಾಶ 12 ತಿಂಗಳದ್ದು. ಕೋರ್ಸನ್ನು ವಿಜ್ಞಾನ ಮತ್ತು ತಂತ್ರಜ್ಞಾನ ವರ್ಗದ ಸಂಕೇತಸಂಖ್ಯೆಯಡಿ ನೋಂದಾಯಿಸಿದ್ದರೆ ಮಾತ್ರ ಇನ್ನೂ 24 ತಿಂಗಳು ಸೇರುತ್ತದೆ. ಎರಡು ಕಾಲೇಜುಗಳ ಎಂ.ಆರ್ಕ್ ಪಾಠಪಟ್ಟಿ ಹೆಚ್ಚು ಕಡಿಮೆ ಒಂದೇ ಆಗಿದ್ದು, ಒಂದಕ್ಕೆ ಆ ಸಂಖ್ಯೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಸಾಲಕ್ಕೆ ಸಹಿ ಹಾಕುವ ಮೊದಲು ಕಾಲೇಜಿಗೆ ಒಂದು ಇಮೇಲ್ ಬರೆದರೆ ಇದು ತಿಳಿಯುತ್ತದೆ. ಇನ್ನು ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಎಚ್-1ಬಿ ಎಂಬ ಉದ್ಯೋಗ ವೀಸಾದ ಹೊಸ ಅರ್ಜಿಗಳಿಗೆ 1,00,000 ಡಾಲರ್ ವಿಧಿಸುವ 2025ರ ಸೆಪ್ಟೆಂಬರಿನ ಆದೇಶ ಬಂದ ಮೇಲೆ, ಹತ್ತು ಹದಿನೈದು ಜನರ ಸಣ್ಣ ವಾಸ್ತುಶಿಲ್ಪ ಕಚೇರಿಯೊಂದು ಒಮ್ಮೆ ಊರಿಗೆ ಮರಳಿದ ಹುಡುಗನಿಗಾಗಿ ಅಷ್ಟು ಹಣ ಕಟ್ಟೀತೆಂದು ನಂಬುವುದು ಕಷ್ಟ.

ಜರ್ಮನಿಯಲ್ಲಿ ಫೀಸೇ ಇಲ್ಲ ಎಂಬ ಮಾತು ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಸರಿ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಶುಲ್ಕ ಆರಂಭಿಸಿದೆ. ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. 2024ರಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಲಾಯಿತು. ಹಣಕ್ಕಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಭಾಷೆ. ಅಲ್ಲಿನ ಸ್ನಾತಕ ಕೋರ್ಸುಗಳು ಬಹುತೇಕ ಜರ್ಮನ್‌ನಲ್ಲೇ ನಡೆಯುತ್ತವೆ. ವಾಸ್ತುಶಿಲ್ಪದ ಕಲಿಕೆಯಲ್ಲಿ ಅರ್ಧ ಭಾಗ ಮಾತು: ತಾನು ಬರೆದ ನಕ್ಷೆಯನ್ನು ಜೂರಿಯ, ಅಂದರೆ ಮೌಲ್ಯಮಾಪಕರ, ಮುಂದೆ ತೂಗುಹಾಕಿ, ಮೆಟ್ಟಿಲನ್ನು ಅಲ್ಲೇ ಏಕೆ ಇಟ್ಟೆ, ಕಿಟಕಿಯನ್ನು ಆ ಕಡೆಗೇ ಏಕೆ ತೆರೆದೆ ಎಂದು ಒಂದೊಂದನ್ನೂ ಸಮರ್ಥಿಸಿಕೊಳ್ಳಬೇಕು. ಆರು ತಿಂಗಳ ಕ್ರ್ಯಾಶ್ ಕೋರ್ಸಿನ ಜರ್ಮನ್ ಅಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ.

ಹವಾಮಾನದ ವಿಷಯವನ್ನೂ ಇಲ್ಲಿ ಹೇಳಬೇಕು. ಉತ್ತರ ಯುರೋಪಿನ ಸ್ಟುಡಿಯೊಗಳಲ್ಲಿ, ಅಂದರೆ ವಿನ್ಯಾಸದ ತರಗತಿಗಳಲ್ಲಿ, ಗೋಡೆಯ ದಪ್ಪ, ಒಳಗಿನ ಬಿಸಿ ಹೊರಹೋಗದಂತೆ ತಡೆಯುವ ಪದರ, ಚಳಿಗಾಲದ ಬಿಸಿಲು ಇವುಗಳ ಸುತ್ತಲೇ ಚರ್ಚೆ ಸುತ್ತುತ್ತದೆ. ನಮ್ಮ ಕರಾವಳಿಗೆ ಬೇಕಾದದ್ದು ಮಳೆ ತಡೆಯುವ ಚಾಚು ಸೂರು ಮತ್ತು ಗಾಳಿಯಾಟ. ಕಲಬುರಗಿಗೆ ಬೇಕಾದದ್ದು ಬಿಸಿಲಿನಿಂದ ನೆರಳು. ಹಾಗೆಂದು ಯುರೋಪಿಗೆ ಹೋಗಲೇಬಾರದು ಎನ್ನುವವನು ನಾನಲ್ಲ, ಏಕೆಂದರೆ ಇದಕ್ಕೆ ಉತ್ತರ ಲಂಡನ್ನಿನಲ್ಲಿಯೇ ಸಿಕ್ಕೀತು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸ. ಇಲ್ಲಿನ ಬಿಸಿಲು ಮಳೆಗಳಲ್ಲಿ ಕೆಲಸ ಮಾಡಿದ ಅನುಭವದೊಂದಿಗೆ ಅವರು 1950ರ ದಶಕದಲ್ಲಿ ಲಂಡನ್ನಿನ ಎ.ಎ. (ಆರ್ಕಿಟೆಕ್ಚರಲ್ ಅಸೋಸಿಯೇಷನ್) ಶಾಲೆಯ ಉಷ್ಣವಲಯ ವಾಸ್ತುಶಿಲ್ಪ ವಿಭಾಗವನ್ನು ಮುನ್ನಡೆಸಿದರು. ಆ ವಿಭಾಗವೇ ಮುಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಹೋಗಿ, ಡೆವಲಪ್‌ಮೆಂಟ್ ಪ್ಲಾನಿಂಗ್ ಯೂನಿಟ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಬ್ರಿಟನ್ ಎಂಬ ಒಂದೇ ಮಳಿಗೆಯ ಕೆಳಗೆ ಇಂಥದೂ ಇದೆ, ಇದಕ್ಕೆ ಸಂಬಂಧವೇ ಇಲ್ಲದ ನೂರಾರು ಕೋರ್ಸುಗಳೂ ಇವೆ.

ಹೀಗೆಯೇ, ಹಳೆಯ ಕಟ್ಟಡಗಳ ಸಂರಕ್ಷಣೆ ಕಲಿತು ಹಂಪಿಯಲ್ಲಿಯೋ ಬೀದರ್‌ನಲ್ಲಿಯೋ ಕೆಲಸ ಮಾಡಬೇಕೆನ್ನುವವರಿಗೆ ನಾನು ಹೇಳುವ ಊರು ಬೆಲ್ಜಿಯಮ್ಮಿನ ಲ್ಯೂವೆನ್. 1976ರಿಂದ ನಡೆದುಬಂದಿರುವ, ರೇಮಂಡ್ ಲೆಮೇರ್ ಹೆಸರಿನ ಸಂರಕ್ಷಣಾ ಕೇಂದ್ರ ಅಲ್ಲಿದೆ. ಮೇಳದಲ್ಲಿ ಬೆಲ್ಜಿಯಮ್ಮಿನ ಮಳಿಗೆ ನಾನಂತೂ ಕಂಡಿಲ್ಲ.

ವಿನ್ಯಾಸಕ್ಕೆ ಇಂಥ ಸರ್ಕಾರಿ ನೋಂದಣಿಯ ಕಟ್ಟುಪಾಡಿಲ್ಲ. ಉದ್ಯೋಗ ಕೊಡುವವರು ಪ್ರಮಾಣಪತ್ರಕ್ಕಿಂತ ಮೊದಲು ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ನೋಡುತ್ತಾರೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು, ಕಲಿಯುವ ಕಸುಬಿಗೆ ಹೊಂದುವ ಉದ್ಯಮ ಆ ಶಾಲೆಯ ಸುತ್ತಮುತ್ತ ಇದೆಯೇ, ಇಂಟರ್ನ್‌ಶಿಪ್ ಸಿಗುತ್ತದೆಯೇ ಎಂಬುದನ್ನು. ವಾಹನ ವಿನ್ಯಾಸ ಕಲಿಯುವವರಿಗೆ ಜರ್ಮನಿಯ ಫೋರ್ಟ್ಸ್‌ಹೈಮ್, ಬ್ರಿಟನ್ನಿನ ಕೊವೆಂಟ್ರಿ, ಸ್ವೀಡನ್ನಿನ ಉಮಿಯೊ ಒಂದೇ ಸಾಲಿನಲ್ಲಿ ಬರುವ ಹೆಸರುಗಳು, ದೇಶ ಮೂರಾದರೂ. ಪೀಠೋಪಕರಣ ವಿನ್ಯಾಸ ಕಲಿಯುವವರಿಗೆ ಮಿಲಾನ್ ನಗರವೇ ಪಾಠಶಾಲೆ. ಅಲ್ಲಿನ ಪೀಠೋಪಕರಣ ಮೇಳ 1961ರಿಂದ ನಡೆಯುತ್ತಿದೆ. ಅದೇ ನಗರದ ಸರ್ಕಾರಿ ಪಾಲಿಟೆಕ್ನಿಕೊದಲ್ಲಿ ಶುಲ್ಕ ಕುಟುಂಬದ ಆದಾಯಕ್ಕೆ ತಕ್ಕಂತೆ ನಿಗದಿಯಾಗುತ್ತದೆ, ಖಾಸಗಿ ಡಿಸೈನ್ ಶಾಲೆಗಳದು ಅದರ ಎಷ್ಟೋ ಪಟ್ಟು. ಕನ್ಸಲ್ಟೆನ್ಸಿಗಳ ಬಾಯಲ್ಲಿ ಯಾವುದರ ಹೆಸರು ಮೊದಲು ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಮಿಷನ್ ಯಾರು ಕೊಡುತ್ತಾರೋ ಅವರ ಗುಣಗಾನ ನಡೆಯುತ್ತದೆ.

ಕನ್ನಡಕ್ಕೆ ನೇರವಾಗಿ ತಾಗುವ ವಿನ್ಯಾಸವೊಂದಿದೆ, ಅಕ್ಷರ ವಿನ್ಯಾಸ. ಒತ್ತಕ್ಷರ, ದೀರ್ಘ, ಕೊಂಬುಗಳಿರುವ ನಮ್ಮ ಲಿಪಿಗೆ ಫೋನಿನ ಪರದೆಯ ಮೇಲೆ ಸಾಲಿನ ಎತ್ತರ ಕೆಡದಂತೆ ಹೊಸ ಫಾಂಟ್ ಮಾಡುವುದು ಚಿಕ್ಕ ಕೆಲಸವಲ್ಲ. ಇದನ್ನು ಶಾಸ್ತ್ರೀಯವಾಗಿ ಕಲಿಸುವ ಜಾಗಗಳು ಬಹಳ ಕಡಿಮೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸು, ನೆದರ್ಲೆಂಡ್ಸಿನ ಹೇಗ್‌ನ ರಾಯಲ್ ಅಕಾಡೆಮಿಯ ಕೋರ್ಸು ಅವುಗಳಲ್ಲಿ ಹೆಸರಾದವು. ರೆಡಿಂಗ್‌ನಲ್ಲಿ ಲ್ಯಾಟಿನ್ನೇತರ ಲಿಪಿಗಳ ಮುದ್ರಣ ಸಾಮಗ್ರಿಯ ಸಂಗ್ರಹವೂ ಇದೆ. ಅಕ್ಷರ ಬರೆಯುವ ಹುಚ್ಚಿರುವ ವಿದ್ಯಾರ್ಥಿಗೆ 'ಆಸ್ಟ್ರೇಲಿಯಾದಲ್ಲಿ ಗ್ರಾಫಿಕ್ ಡಿಸೈನ್ ಇದೆ, ವೀಸಾ ಸುಲಭ' ಎಂದು ಯಾರಾದರೂ ಹೇಳಿದರೆ ಅವರು ಆ ವಿದ್ಯಾರ್ಥಿಯ ಮಾತನ್ನು ಕಿವಿಗೆ ಹಾಕಿಕೊಂಡಿಲ್ಲ ಎಂದೇ ಅರ್ಥ.

ಚಿತ್ರಕಲೆ, ಶಿಲ್ಪಗಳ ವಿಷಯದಲ್ಲಿ ನನ್ನದು ಹೊರಗಿನವನ ಮಾತು. ಆದರೂ ಒಂದು ಸಂಗತಿ ಸ್ಪಷ್ಟ. ಜರ್ಮನಿಯ ಕಲಾ ಅಕಾಡೆಮಿಗಳಲ್ಲಿ ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕರ 'ಕ್ಲಾಸ್' ಸೇರುತ್ತಾನೆ, ವರ್ಷಗಟ್ಟಲೆ ಅವರ ಬಳಿಯೇ ಕಲಿಯುತ್ತಾನೆ. ಹೆಚ್ಚುಕಡಿಮೆ ನಮ್ಮ ಗುರುಕುಲದ ಹಾಗೆ. 1976ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ಬರ್ನ್ಡ್ ಬೆಕರ್ ಆರಂಭಿಸಿದ ಛಾಯಾಚಿತ್ರ ತರಗತಿಯಿಂದ ಆಂಡ್ರಿಯಾಸ್ ಗುರ್ಸ್ಕಿ, ಥಾಮಸ್ ಸ್ಟ್ರೂಟ್, ಕ್ಯಾಂಡಿಡಾ ಹೋಫರ್ ಮೊದಲಾದ ಹೆಸರಾಂತ ಛಾಯಾಗ್ರಾಹಕರು ಬಂದರು. ಅವರು ಆರಿಸಿಕೊಂಡದ್ದು ಗುರುವನ್ನು. ಇನ್ನೊಂದು, ಹೋಗುವ ವಯಸ್ಸು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಪ್ಯಾರಿಸ್ಸಿನ ಅಕಾದೆಮಿ ಜೂಲಿಯನ್‌ಗೆ ಹೋದದ್ದು 1949ರ ಸುಮಾರಿಗೆ. ಅಷ್ಟರಲ್ಲಾಗಲೇ ಅವರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ತಮ್ಮದೇ ದಾರಿ ಕಂಡುಕೊಂಡಿದ್ದರು. ಹದಿನೆಂಟರ ಹರೆಯದಲ್ಲಿ ಮನೆ ಅಡವಿಟ್ಟು ಕಳಿಸುವುದಕ್ಕಿಂತ ಮೈಸೂರಿನ ಕಾವಾದಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಪದವಿ ಮುಗಿಸಿ, ತಾನು ಏನು ಕಲಿಯಬೇಕೆಂಬುದು ತನಗೇ ತಿಳಿದ ಮೇಲೆ ಹೊರಡುವುದು ಮೇಲು ಎನಿಸುತ್ತದೆ.

ಕೊನೆಯದಾಗಿ ಸರ್ಕಾರಕ್ಕೆ ಸಂಬಂಧಿಸಿದ ಮಾತು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗೆ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಕ್ಯುಎಸ್ ಎಂಬ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ 500 ಸ್ಥಾನದೊಳಗಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪಡೆದಿರಬೇಕೆಂಬ ನಿಯಮವಿದೆ. ಆ ಒಟ್ಟಾರೆ ಪಟ್ಟಿಯಲ್ಲಿ ಹಲವು ವಿಷಯಗಳನ್ನು ಕಲಿಸುವ ವಿಶ್ವವಿದ್ಯಾಲಯಗಳಷ್ಟೇ ಇರುತ್ತವೆ. ಕಲೆಯನ್ನು ಮಾತ್ರ ಕಲಿಸುವ ಅಕಾಡೆಮಿಗಳಿಗೆ ಅಲ್ಲಿ ಜಾಗವೇ ಇಲ್ಲ. ಕಲೆ ಮತ್ತು ವಿನ್ಯಾಸದ ವಿಷಯವಾರು ಪಟ್ಟಿಯಲ್ಲಿ 2015ರಿಂದ 2025ರವರೆಗೆ ಸತತವಾಗಿ ಮೊದಲ ಸ್ಥಾನ ಪಡೆದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಕೂಡ ಒಟ್ಟಾರೆ ಪಟ್ಟಿಯಲ್ಲಿಲ್ಲ. ಸಾಲದೆಂಬಂತೆ, 2022ರಲ್ಲಿ ನಿಯಮ ತಿದ್ದಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ವಿಷಯಗಳನ್ನು ಈ ಯೋಜನೆಯಿಂದ ಹೊರಗಿಡಲಾಯಿತು. ಹಂಪಿಯ ಮಂಟಪಗಳ ಸಂರಕ್ಷಣೆಯ ಮೇಲೆ ಪ್ರಬಂಧ ಬರೆಯಬೇಕೆಂದಿರುವ ಹೊಸಪೇಟೆಯ ದಲಿತ ವಿದ್ಯಾರ್ಥಿಗೆ ಈ ಹಣ ಸಿಗುವುದು ಹೇಗೆ? ಅನುಕೂಲಸ್ಥರ ಮಕ್ಕಳು ತಪ್ಪು ದೇಶ ಆರಿಸಿದರೆ ಇನ್ನೊಮ್ಮೆ ಆರಿಸಿಯಾರು. ವಿದ್ಯಾರ್ಥಿವೇತನವನ್ನೇ ನಂಬಿದವರಿಗೆ ಆಯ್ಕೆಯನ್ನು ಆ ಪಟ್ಟಿಯೇ ಮಾಡಿ ಮುಗಿಸಿರುತ್ತದೆ. ಸಚಿವಾಲಯ ಈ ವಿಷಯಗಳಿಗಾದರೂ ವಿಷಯವಾರು ಪಟ್ಟಿಯನ್ನು ಒಪ್ಪಿಕೊಳ್ಳಬೇಕು, 2022ರ ನಿರ್ಬಂಧವನ್ನು ಕೈಬಿಡಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಬೇಕು. ತಮ್ಮ ಪುರವಣಿಯಲ್ಲಿ ವಿದೇಶಿ ವಾಸ್ತುಶಿಲ್ಪ ಕೋರ್ಸುಗಳ ಮಾಹಿತಿ ಕೊಡುವಾಗ, ಶುಲ್ಕದ ಪಕ್ಕದಲ್ಲಿ ಆ ಪದವಿಗೆ ಅಲ್ಲಿಯೂ ಇಲ್ಲಿಯೂ ಮಾನ್ಯತೆ ಇದೆಯೇ ಎಂಬ ಒಂದು ಅಂಕಣವನ್ನು ಸೇರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾಸ್ತುಶಿಲ್ಪ ಅಧ್ಯಾಪಕ, ಮೈಸೂರು