ಬರೆಯುತ್ತಿರುವವರು ದಯವಿಟ್ಟು ಗಮನಿಸಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾರ್ನಿಯಾ ಕಥೆಗಳನ್ನು ಬರೆದ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ 1956ರಲ್ಲಿ ಅಮೆರಿಕದ ಒಬ್ಬ ಹುಡುಗಿಗೆ ಬರವಣಿಗೆ ಬಗ್ಗೆ ಪತ್ರದಲ್ಲಿ ಕೊಟ್ಟ ಸಲಹೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಒಂದು ವಿಷಯ ಭಯಂಕರವಾಗಿತ್ತು ಅಂತ ಹೇಳುವ ಬದಲು ಓದುವವರಿಗೇ ಭಯ ಆಗುವ ಹಾಗೆ ಬರೆಯಬೇಕು ಅನ್ನೋದು ಅದರ ಸಾರ. ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳುವ ನಮ್ಮ ಸಾಕ್ಷಿಗಳಲ್ಲಿ 'ದೇವರು ಅದ್ಭುತವಾಗಿ ನಡೆಸಿದರು' ಅನ್ನೋ ಸಾಲು ಜಾಸ್ತಿ ಅಲ್ವಾ? ನಿಜವಾಗಿ ಏನಾಯ್ತು, ಆಸ್ಪತ್ರೆ ಬಿಲ್ ಎಷ್ಟಿತ್ತು, ಆ ರಾತ್ರಿ ಯಾರು ಬಾಗಿಲು ತಟ್ಟಿದರು, ಕೈಗೆ ಏನು ಕೊಟ್ಟು ಹೋದರು, ಅದನ್ನು ಬರೆಯಿರಿ. ಬರೆದ ಮೇಲೆ ಜೋರಾಗಿ ಓದಿ ನೋಡಿ.

ಪ್ರಕಾಶಕರಿಂದ ಬರಹ ವಾಪಸ್ ಬಂತು ಅಂತ ಕೈಬಿಡಬೇಡಿ. ಅಮೆರಿಕದ ಲೇಖಕಿ ಮ್ಯಾಡಲಿನ್ ಲೆಂಗಲ್ ಅವರ 'ಎ ರಿಂಕಲ್ ಇನ್ ಟೈಮ್' ಅನ್ನೋ ಮಕ್ಕಳ ಕಾದಂಬರಿಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಿದ್ದರು. 1962ರಲ್ಲಿ ಅಚ್ಚಾಯ್ತು, ಮರುವರ್ಷವೇ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು.

ಐಎಸ್‌ಬಿಎನ್‌ಗೆ (ಪ್ರತಿ ಪುಸ್ತಕವನ್ನು ಗುರುತಿಸುವ ಸಂಖ್ಯೆಗೆ) ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಮ್ಮ ದೇಶದಲ್ಲಿ ಅದು ಉಚಿತ, ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಸತ್ಯವೇದದ ವಚನ ತುಂಬಾ ಬಳಸಿದ್ದರೆ ಯಾವ ಅನುವಾದ ಅಂತ ಹಾಕಿ, ಅದರ ಹಕ್ಕು ಇರುವವರ ಅನುಮತಿಯನ್ನೂ ಕೇಳಿ.

ಈ ವಾರ ಒಬ್ಬೊಬ್ಬರೂ ಒಂದೇ ಪುಟ ಕಳಿಸಿ. ಪಿಡಿಎಫ್ ಬೇಡ, ಸುಮ್ನೆ ಇಲ್ಲೇ ಟೈಪ್ ಮಾಡಿ.